ಆಟದಲ್ಲಿ ಪಾತ್ರಭೇದ

ಆಟಗಳನ್ನು ಸ್ಥೂಲವಾಗಿ ಎರಡು ಬಗೆಯೆಂದು ಹೇಳಬಹುದು. ಒಂದು ಬಗೆಯಲ್ಲಿ ಆಡುವವರೆಲ್ಲರಿಗೂ ಕೊಡುವ ಸಾಮಗ್ರಿ ಒಂದೇ. ಚಿನ್ನಿದಾಂಡಿನಲ್ಲಿ ಎಲ್ಲರ ಕೈಗೂ ಅದೇ ದಾಂಡು. ಓಟದ ಪಂದ್ಯದಲ್ಲಿ ಎಲ್ಲರಿಗೂ ಅದೇ ಗೆರೆ. ಚೌಕಾಬಾರದಲ್ಲಿ ಎಲ್ಲರಿಗೂ ನಾಲ್ಕು ನಾಲ್ಕು ಕಾಯಿ. ಇನ್ನೊಂದು ಬಗೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾತ್ರವುಂಟು. ಬಯಲಾಟದ ಮೇಳದಲ್ಲಿ ಭಾಗವತನು ಕುಣಿಯುವುದಿಲ್ಲ, ಚೆಂಡೆಯವನು ವೇಷ ಹಾಕುವುದಿಲ್ಲ, ಹಾಸ್ಯಗಾರನು ರಾಜನ ಕಿರೀಟವನ್ನು ಕಟ್ಟುವುದಿಲ್ಲ. ಆದರೂ ಇವರಲ್ಲಿ ಒಬ್ಬನು ಬಾರದೆ ಹೋದರೆ ಆ ರಾತ್ರಿಯ ಆಟವು ಕೆಟ್ಟಿತೆಂದೇ ಅರ್ಥ. ಮೊದಲನೆಯ ಬಗೆಯ ಆಟವು 'ಯಾರು ಮೇಲು?' ಎಂದು ಕೇಳುತ್ತದೆ. ಎರಡನೆಯದು 'ಯಾರಿಂದ ಏನಾಗಬೇಕು?' ಎಂದು ಕೇಳುತ್ತದೆ. ಕಂಪ್ಯೂಟರಿನಲ್ಲಿ ಹಲವರು ಕೂಡಿ ಆಡುವ ಶೂಟರ್ ಆಟಗಳು, ಎಂದರೆ ತೆರೆಯ ಮೇಲೆ ಕೋವಿ ಹಿಡಿದು ಒಬ್ಬರನ್ನೊಬ್ಬರು ಬೇಟೆಯಾಡುವ ಆಟಗಳು, ಸುಮಾರು ಮೂವತ್ತು ವರ್ಷಗಳ ಅವಧಿಯಲ್ಲಿ ಮೊದಲನೆಯ ಪ್ರಶ್ನೆಯಿಂದ ಎರಡನೆಯ ಪ್ರಶ್ನೆಯ ಕಡೆಗೆ ಬಹುಮಟ್ಟಿಗೆ ಸರಿದು ಬಂದಿವೆ. ಆಟದ ಸಂಗತಿಯೆಂದು ಇದನ್ನು ಹಗುರವಾಗಿ ಕಾಣುವವರುಂಟು. ಆದರೆ ಮಲೆನಾಡಿನ ಒಂದು ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಹದಿನೆಂಟು ವರ್ಷ ಮನಸ್ಸು ಬಿಚ್ಚಿ ಮಾತನಾಡದೆ ಹೋದುದಕ್ಕೆ ಒಂದು ಬಗೆಯ ಆಟವು ಕಾರಣವಾಯಿತು. ಅವರು ಮತ್ತೆ ಮಾತಿಗೆ ತೊಡಗುವುದಕ್ಕೆ ಇನ್ನೊಂದು ಬಗೆಯದು ಬೇಕಾಯಿತು.

೨೦೦೨ನೆಯ ಇಸವಿಯ ಮಾತು. ಆ ಊರಿನ ಬಸ್ ನಿಲ್ದಾಣದ ಹಿಂದೆ, ಹೊಲಿಗೆಯಂಗಡಿಯ ಮಾಳಿಗೆಯಲ್ಲಿ, ಎಂಟು ಕಂಪ್ಯೂಟರುಗಳ ಒಂದು ಸೈಬರ್ ಕೆಫೆಯಿದ್ದಿತು. ಹಗಲಿನಲ್ಲಿ ಪರೀಕ್ಷೆಯ ಫಲಿತಾಂಶವನ್ನು ನೋಡುವವರೂ ಪರದೇಶದ ಮಕ್ಕಳಿಗೆ ಇ-ಮೇಲ್ ಬರೆಯಿಸುವ ಹಿರಿಯರೂ ಅಲ್ಲಿಗೆ ಬರುತ್ತಿದ್ದರು; ಸಂಜೆ ಆರರ ಮೇಲೆ ಅಂಗಡಿಯು ಹುಡುಗರ ವಶವಾಗುತ್ತಿದ್ದಿತು. ಗಂಟೆಗೆ ೨೦ ರೂಪಾಯಿ ತೆತ್ತು ಅವರು ಆಡುತ್ತಿದ್ದುದು ಕೌಂಟರ್-ಸ್ಟ್ರೈಕ್ ಎಂಬ ಆಟವನ್ನು. ಮಿನ್ ಲೇ, ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು ಹಾಫ್-ಲೈಫ್ ಎಂಬ ಆಟವೊಂದನ್ನು ತಿದ್ದಿ ೧೯೯೯ರಲ್ಲಿ ಇದನ್ನು ಹೊರಡಿಸಿದ್ದರು. ಮರುವರ್ಷ ವಾಲ್ವ್ ಕಂಪೆನಿಯು ಅದನ್ನು ತನ್ನದಾಗಿಸಿಕೊಂಡು ಮಾರಾಟಕ್ಕೆ ತಂದಿತು. ಅಣ್ಣನು ಆಗ ಹದಿನೇಳು ವರ್ಷದವನು. ಆ ಮಾಳಿಗೆಗೆ ಅವನೇ ರಾಜನಾಗಿದ್ದನು. ಮೂಲೆಯಿಂದ ಶತ್ರುವಿನ ತಲೆಯು ಇಣುಕಿದ್ದೇ ತಡ, ಅವನ ಕೈಯ ಮೌಸು ಅಲ್ಲಿಗೆ ಹೋಗಿ ನಿಂತಿರುತ್ತಿದ್ದಿತು. ಹೇಗೆ ಹೋಯಿತೆಂದು ಕೇಳಿದರೆ ಅವನಿಗೂ ಹೇಳಲು ಬಾರದು.

ತಮ್ಮನು ಹದಿನಾಲ್ಕು ವರ್ಷದವನು. ಲೆಕ್ಕದಲ್ಲಿ ಬಹು ಚುರುಕು, ಕೈಯಲ್ಲಿ ಬಹು ನಿಧಾನ. ಚೆಂಡು ಹಿಡಿಯುವುದರಲ್ಲಿಯೂ ಮಾವಿನಕಾಯಿಗೆ ಕಲ್ಲು ಬೀರುವುದರಲ್ಲಿಯೂ ಅವನು ಎಂದೂ ಹಿಂದೆಯೇ. ಕೌಂಟರ್-ಸ್ಟ್ರೈಕಿನಲ್ಲಿ ಇಂಥವನಿಗೆ ಆಸರೆಯೆಂಬುದಿಲ್ಲ. ಅಲ್ಲಿ ಎಲ್ಲರ ದೇಹವೂ ಒಂದೇ, ಎಲ್ಲರ ಪ್ರಾಣಕ್ಕೂ ೧೦೦ ಅಂಕ, ಮೊದಲನೆಯ ಸುತ್ತಿಗೆ ಎಲ್ಲರ ಕೈಗೂ ಆಟದ ಹಣ ೮೦೦ ಡಾಲರು. ಗೆದ್ದವರಿಗೆ ಮುಂದಿನ ಸುತ್ತಿನಲ್ಲಿ ಹಣ ಹೆಚ್ಚು, ಸೋತವರಿಗೆ ಕಡಮೆ. ಆ ಹಣದಿಂದ ಕೋವಿಯನ್ನೂ ಕವಚವನ್ನೂ ಕೊಳ್ಳಬೇಕು. ಸತ್ತವನು ಆ ಸುತ್ತು ಮುಗಿಯುವವರೆಗೂ ಬದುಕಿರುವವರ ಆಟವನ್ನು ನೋಡುತ್ತ ಕುಳಿತಿರತಕ್ಕದ್ದು. ತಮ್ಮನು ಪ್ರತಿಯೊಂದು ಸುತ್ತಿನಲ್ಲಿಯೂ ಮೊದಲು ಸಾಯುವವನು. ಆದುದರಿಂದ ಅವನು ಕೊಟ್ಟ ಹಣದಲ್ಲಿ ಮುಕ್ಕಾಲು ಪಾಲು ನೋಡುವುದಕ್ಕೇ ಸಲ್ಲುತ್ತಿದ್ದಿತು.

ಒಂದು ಸಂಜೆ ಪಕ್ಕದ ಊರಿನ ಹುಡುಗರು ಪಂದ್ಯಕ್ಕೆ ಬಂದರು. ನಾಲ್ಕು ನಾಲ್ಕು ಜನರ ಎರಡು ಪಕ್ಷ. ಅಣ್ಣನ ಪಕ್ಷದಲ್ಲಿ ಒಬ್ಬನಿಗೆ ಜ್ವರ ಬಂದಿದ್ದುದರಿಂದ ತಮ್ಮನನ್ನು ಕೂಡಿಸಿಕೊಂಡರು. ಕಡೆಯ ಸುತ್ತಿನಲ್ಲಿ, ಎಲ್ಲರೂ ಸದ್ದಿಲ್ಲದೆ ಕಾದು ನಿಂತಿದ್ದಾಗ, ತಮ್ಮನು ನೆರಳನ್ನು ಕಂಡು ಬೆದರಿ ಕೋವಿ ಹಾರಿಸಿದನು. ಶತ್ರುಗಳಿಗೆ ಇವರ ತಾವು ತಿಳಿಯಿತು, ಪಂದ್ಯವು ಹೋಯಿತು. ಅಣ್ಣನು ಕುರ್ಚಿಯಿಂದೆದ್ದು ಎಲ್ಲರೆದುರಿಗೂ, "ಇವನ ಕುರ್ಚಿ ಖಾಲಿಯಿದ್ದಿದ್ದರೆ ಗೆಲ್ಲುತ್ತಿದ್ದೆವು" ಎಂದುಬಿಟ್ಟನು. ಹುಡುಗರು ನಕ್ಕರು. ತಮ್ಮನು ಮೆಲ್ಲಗೆ ಮೆಟ್ಟಿಲಿಳಿದು ಮನೆಗೆ ಹೋದನು. ಮತ್ತೆಂದೂ ಆ ಮಾಳಿಗೆಯನ್ನು ಹತ್ತಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ತಾಯಿಯು, "ಏನಾಯಿತೋ ನಿಮಗೆ?" ಎಂದು ಕೇಳಿದಳು. ಇಬ್ಬರೂ ಏನೂ ಇಲ್ಲವೆಂದರು.

ಅಣ್ಣನ ಮಾತು ಕ್ರೂರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಸುಳ್ಳಾಗಿರಲಿಲ್ಲ. ಅದರ ಮೊನೆಯಿದ್ದುದೂ ಅಲ್ಲಿಯೇ. ಆ ಕಾಲದ ಶೂಟರ್ ಆಟಗಳ ಧರ್ಮವೇ ಹಾಗಿದ್ದಿತು. ಇಡ್ ಸಾಫ್ಟ್‌ವೇರ್ ಕಂಪೆನಿಯವರು ೧೯೯೩ರಲ್ಲಿ ಡೂಮ್ ಆಟವನ್ನೂ ೧೯೯೬ರಲ್ಲಿ ಕ್ವೇಕ್ ಆಟವನ್ನೂ ೧೯೯೯ರಲ್ಲಿ ಕ್ವೇಕ್ ೩ ಅರೀನಾವನ್ನೂ ಹೊರಡಿಸಿದಾಗ, ಹಲವರು ಕೂಡಿ ಆಡುವ ಪಂದ್ಯಕ್ಕೆ ಒಂದೇ ನಿಯಮವನ್ನಿಟ್ಟರು: ಎಲ್ಲರೂ ಒಂದೇ ಬಗೆಯ ಸಣ್ಣ ಆಯುಧದಿಂದ ಹೊರಡತಕ್ಕದ್ದು, ದೊಡ್ಡ ಆಯುಧಗಳು ನೆಲದ ಮೇಲೆ ಬಿದ್ದಿರುವುವು, ಮೊದಲು ಹೋದವನು ಎತ್ತಿಕೊಳ್ಳತಕ್ಕದ್ದು. ಇದರಲ್ಲಿ ಒಂದು ಬಗೆಯ ನ್ಯಾಯವುಂಟು. ಸೋತವನು ತನ್ನ ಕಣ್ಣನ್ನೂ ಕೈಯನ್ನೂ ಬಿಟ್ಟು ಬೇರಾವುದನ್ನೂ ದೂರುವಂತಿಲ್ಲ. ಗೆದ್ದವನಿಗೆ ಯಾರೂ 'ನಿನಗೆ ಒಳ್ಳೆಯ ಆಯುಧ ಸಿಕ್ಕಿದ್ದಿತು' ಎಂದು ಹೇಳುವಂತಿಲ್ಲ. ಅಣ್ಣನಿಗೆ ಆ ಆಟದ ಮೇಲೆ ಇದ್ದ ಅಭಿಮಾನವೆಲ್ಲ ಈ ಸಮಾನತೆಯ ಮೇಲಣ ಅಭಿಮಾನ. ಆದರೆ ಸಾಮಗ್ರಿಯು ಸಮನಾದಷ್ಟೂ ಕೈಗಳ ವ್ಯತ್ಯಾಸವು ಎದ್ದು ಕಾಣುತ್ತದೆ ಎಂಬುದನ್ನು ಅವನು ಯೋಚಿಸಿರಲಿಲ್ಲ. ಕೈ ಚುರುಕಾದವನು ಅದನ್ನು ಯೋಚಿಸಬೇಕಾದ ಪ್ರಸಂಗವೇ ಬರುವುದಿಲ್ಲವಷ್ಟೆ.

ಬೇರೊಂದು ದಾರಿಯು ಆ ವೇಳೆಗಾಗಲೇ ತೆರೆದಿದ್ದಿತು. ೧೯೯೬ರಲ್ಲಿಯೇ, ಕ್ವೇಕ್ ಆಟವು ಹೊರಬಂದ ಕೆಲವೇ ವಾರಗಳಲ್ಲಿ, ಆಸ್ಟ್ರೇಲಿಯಾದ ರಾಬಿನ್ ವಾಕರ್, ಜಾನ್ ಕುಕ್, ಇಯಾನ್ ಕಾಗ್ಲೀ ಎಂಬ ಮೂವರು ಗೆಳೆಯರು ಅದನ್ನು ತಿದ್ದಿ ಟೀಮ್ ಫೋರ್ಟ್ರೆಸ್ ಎಂಬ ಹೊಸ ಆಟವನ್ನು ಕಟ್ಟಿದರು. ಇದರಲ್ಲಿ ಆಟಗಾರನು ರಂಗಕ್ಕಿಳಿಯುವ ಮೊದಲು ತಾನು ಯಾರೆಂಬುದನ್ನು ಆರಿಸಿಕೊಳ್ಳಬೇಕು. ಒಬ್ಬನು ವೇಗವಾಗಿ ಓಡಬಲ್ಲನು, ಆದರೆ ಬೇಗ ಸಾಯುವನು. ಒಬ್ಬನು ಬಹು ಪೆಟ್ಟು ತಾಳಬಲ್ಲನು, ಆದರೆ ಆಮೆಯಂತೆ ನಡೆಯುವನು. ಒಬ್ಬನು ದೂರದಿಂದ ಗುರಿಯಿಡುವನು. ಒಬ್ಬನು ಗಾಯಗೊಂಡವರನ್ನು ಉಪಚರಿಸುವನು. ಮುಂದೆ ಇದರ ಕರ್ತರನ್ನು ವಾಲ್ವ್ ಕಂಪೆನಿಯು ಬರಮಾಡಿಕೊಂಡಿತು. ೧೯೯೯ರಲ್ಲಿ ಅದರ ಹೊಸ ರೂಪವೂ, ೨೦೦೭ರ ಅಕ್ಟೋಬರಿನಲ್ಲಿ ಟೀಮ್ ಫೋರ್ಟ್ರೆಸ್ ೨ ಎಂಬ ಪ್ರಸಿದ್ಧವಾದ ಆಟವೂ ಹೊರಬಂದುವು.

ಈ ಕಡೆಯ ಆಟದಲ್ಲಿ ಪಾತ್ರಗಳು ಒಂಬತ್ತು. ಸ್ಕೌಟನ ಪ್ರಾಣಕ್ಕೆ ೧೨೫ ಅಂಕವಾದರೆ ಹೆವಿ ಎಂಬ ದೈತ್ಯನಿಗೆ ೩೦೦. ಎಂಜಿನಿಯರನು ತಾನಾಗಿಯೇ ಗುಂಡು ಹಾರಿಸುವ ಯಂತ್ರವನ್ನು ಕಟ್ಟಿ ನಿಲ್ಲಿಸುವನು. ಸ್ಪೈ ಎಂಬವನು ಶತ್ರುವಿನ ವೇಷವನ್ನೇ ಧರಿಸಿ ಅವರ ನಡುವೆ ಸುಳಿದು ಬೆನ್ನಿಗೆ ಇರಿಯುವನು. ಇವನ ದೆಸೆಯಿಂದ ಆ ಆಟದಲ್ಲಿ ತನ್ನ ಪಕ್ಷದವನನ್ನೂ ಒಮ್ಮೆ ತಿರುಗಿ ನೋಡಬೇಕಾಗುತ್ತದೆ. ಮೆಡಿಕ್ ಎಂಬ ವೈದ್ಯನ ಕೈಯಲ್ಲಿರುವ ಯಂತ್ರದಿಂದ ಮದ್ದಿನ ಧಾರೆಯೊಂದು ಹೊರಟು ಜೊತೆಗಾರನ ಗಾಯವನ್ನು ಮಾಯಿಸುತ್ತದೆ. ಗಾಯವಿಲ್ಲದವನಿಗೂ ಅದು ಪ್ರಾಣಾಂಕವನ್ನು ಕೆಲಹೊತ್ತಿನ ಮಟ್ಟಿಗೆ ಒಂದೂವರೆಯಷ್ಟಕ್ಕೆ ಏರಿಸುತ್ತದೆ. ಹೀಗೆ ಉಪಚರಿಸುತ್ತ ಬಂದಂತೆ ಯಂತ್ರದಲ್ಲಿ ಶಕ್ತಿಯು ಕೂಡುತ್ತದೆ. ಅದು ತುಂಬಿದ ಮೇಲೆ ವೈದ್ಯನು ತನಗೂ ತನ್ನ ಜೊತೆಗಾರನಿಗೂ ಎಂಟು ಸೆಕೆಂಡುಗಳ ಕಾಲ ಯಾವ ಗುಂಡೂ ನಾಟದ ವಜ್ರಕವಚವನ್ನು ಕೊಡಬಲ್ಲನು. ಅದನ್ನು ಯಾವ ಗಳಿಗೆಯಲ್ಲಿ ಬಿಡಬೇಕೆಂಬುದೇ ಅವನ ವಿದ್ಯೆ. ಒಂದು ಸೆಕೆಂಡು ಮೊದಲಾದರೆ ವ್ಯರ್ಥ. ಒಂದು ಸೆಕೆಂಡು ತಡವಾದರೆ ಇಬ್ಬರೂ ಹೆಣ. ಇದಕ್ಕೆ ಬೇಕಾದುದು ಕೈಯ ಚುರುಕಿಗಿಂತ ಹೆಚ್ಚಾಗಿ ಎಚ್ಚರ, ಎಣಿಕೆ, ಇನ್ನೊಬ್ಬನ ಮೇಲಿಟ್ಟ ಕಣ್ಣು.

ಅಣ್ಣನು ಓದು ಮುಗಿಸಿ ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದನು. ತಮ್ಮನು ಮಂಗಳೂರಿನಲ್ಲಿ ಓದಿ ಧಾರವಾಡದಲ್ಲಿ ಗಣಿತದ ಉಪಾಧ್ಯಾಯನಾದನು. ಹಬ್ಬಕ್ಕೆ ಊರಿಗೆ ಬಂದಾಗ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅಡಕೆಯ ಧಾರಣೆ, ತಂದೆಯ ಸಕ್ಕರೆಕಾಯಿಲೆ, ತೋಟದ ಬೇಲಿ ಎಲ್ಲವನ್ನೂ ಕುರಿತು ಮಾತನಾಡುತ್ತಿದ್ದರು. ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ನೆಂಟರು 'ರಾಮಲಕ್ಷ್ಮಣರಂತೆ ಇದ್ದಾರೆ' ಎನ್ನುತ್ತಿದ್ದರು. ಇಬ್ಬರ ನಡುವೆ ಒಂದು ಖಾಲಿ ಕುರ್ಚಿಯಿರುವುದು ಅವರಿಗೆ ತಿಳಿಯುವಂತಿರಲಿಲ್ಲ.

೨೦೨೦ರ ಮಾರ್ಚಿ ತಿಂಗಳ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಆಗ ಮೈಸೂರಿನಲ್ಲಿದ್ದ ಇವರ ಅಕ್ಕನ ಮಗಳು, ಹದಿಮೂರು ವರ್ಷದ ಹುಡುಗಿ, ಬೇಸರ ತಾಳಲಾರದೆ ಇಬ್ಬರು ಮಾವಂದಿರನ್ನೂ ಟೀಮ್ ಫೋರ್ಟ್ರೆಸ್ ೨ಕ್ಕೆ ಕರೆದಳು. ೨೦೧೧ರಿಂದಲೂ ಅದು ಹಣವಿಲ್ಲದೆ ದೊರೆಯುವ ಆಟ. ಹಳೆಯ ಯಂತ್ರದ ಮೇಲೂ ಓಡುತ್ತದೆ. ದೊಡ್ಡ ಮಾವನು ನಕ್ಕು, "ಚಿಕ್ಕ ಮಾವನಿಗೆ ಇದೆಲ್ಲ ಬರುವುದಿಲ್ಲವಮ್ಮ" ಎಂದನು. ಹುಡುಗಿಯು, "ಬರುವುದಿಲ್ಲವೆ? ನನಗೆ ಕಲಿಸಿದವರೇ ಅವರು" ಎಂದಳು. ಮಂಗಳೂರಿನ ವಿದ್ಯಾರ್ಥಿನಿಲಯದಲ್ಲಿ ೨೦೦೮ರಿಂದ ತಮ್ಮನು ಅದೇ ಆಟವನ್ನು ಆಡುತ್ತ ಬಂದಿದ್ದನೆಂದೂ, ಆಡುವುದೆಲ್ಲ ಮೆಡಿಕನ ಪಾತ್ರವನ್ನೇ ಎಂದೂ ಅಣ್ಣನಿಗೆ ತಿಳಿದುದು ಅಂದು. ಹನ್ನೆರಡು ವರ್ಷ ಮನೆಯಲ್ಲಿ ಯಾರ ಮುಂದೆಯೂ ಅವನು ಈ ಮಾತನ್ನೆತ್ತಿರಲಿಲ್ಲ.

ಮೊದಲನೆಯ ರಾತ್ರಿ ಆಡಿದುದು ಗಾಡಿಯ ಆಟ. ಒಂದು ಪಕ್ಷದವರು ಹಳಿಯ ಮೇಲಣ ಸಿಡಿಮದ್ದಿನ ಗಾಡಿಯನ್ನು ಶತ್ರುವಿನ ಮೂಲಸ್ಥಾನದವರೆಗೆ ಸಾಗಿಸಬೇಕು. ಗಾಡಿಯ ಬಳಿ ಆಳು ಹೆಚ್ಚಿದಂತೆ ಅದು ಬೇಗ ಸಾಗುವುದು, ಯಾರೂ ಇಲ್ಲದಿದ್ದರೆ ನಿಲ್ಲುವುದು. ರಥೋತ್ಸವದಲ್ಲಿ ತೇರಿನ ಮಿಣಿಗೆ ಕೈ ಸೇರಿದ ಹಾಗೆ. ಅಣ್ಣನು ಹೆವಿಯ ಪಾತ್ರವನ್ನು ತೆಗೆದುಕೊಂಡು ಹಳೆಯ ಅಭ್ಯಾಸದಂತೆ ಒಬ್ಬನೇ ಮುಂದೆ ನುಗ್ಗಿದನು, ಸತ್ತನು. ಮತ್ತೆ ನುಗ್ಗಿದನು, ಮತ್ತೆ ಸತ್ತನು. ಕೈಯ ಚುರುಕು ಮೂವತ್ತೈದರ ವಯಸ್ಸಿನಲ್ಲಿ ಮೊದಲಿನಂತೆ ಉಳಿದಿರಲಿಲ್ಲ. ಉಳಿದಿದ್ದರೂ ಇಲ್ಲಿ ಅದೊಂದರಿಂದಲೇ ನಡೆಯುವಂತಿರಲಿಲ್ಲ. ಆಗ ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ತಮ್ಮನ ಸ್ವರವು ಕೇಳಿಸಿತು: "ಅಣ್ಣ, ಆ ಗೋಡೆಯ ಈಚೆಗೆ ಬಾ. ಕಣ್ಣಿಗೆ ಬೀಳದವನನ್ನು ನಾನು ಉಳಿಸಲಾರೆ."

ಅದು ಆಟದ ನಿಯಮವನ್ನು ಹೇಳುವ ಮಾತು. ಮದ್ದಿನ ಧಾರೆಯು ಗೋಡೆಯನ್ನು ತೂರಿ ಹೋಗಿ ಹಿಡಿಯಲಾರದು. ಆದರೂ ಅಣ್ಣನು ಅದನ್ನು ಕೇಳಿ ಒಂದು ನಿಮಿಷ ಸುಮ್ಮನಾದನು. ಅನಂತರ ಈಚೆಗೆ ಬಂದು ನಿಂತನು. ಬೆನ್ನ ಹಿಂದೆ ತಮ್ಮನಿದ್ದಾಗ ಅವನ ೩೦೦ ಅಂಕಗಳ ಪ್ರಾಣವು ೪೫೦ಕ್ಕೇರಿತು. ಗಾಡಿಯು ಒಂದು ತಿರುವನ್ನು ದಾಟಿತು. ಎರಡನೆಯ ತಿರುವಿನಲ್ಲಿ ಎಂಜಿನಿಯರನ ಯಂತ್ರವು ಕಾದಿದ್ದಿತು. ತಮ್ಮನು, "ಇನ್ನೂ ಇಲ್ಲ... ಇನ್ನೂ ಇಲ್ಲ... ಈಗ" ಎಂದನು. ಎಂಟು ಸೆಕೆಂಡುಗಳ ಕಾಲ ಇಬ್ಬರೂ ಗುಂಡಿನ ಮಳೆಯಲ್ಲಿ ನೆನೆಯದೆ ನಡೆದರು. ಆ ಸುತ್ತಿನಲ್ಲಿ ಶತ್ರುಗಳನ್ನು ಹೆಚ್ಚಾಗಿ ಕೊಂದವನು ಅಣ್ಣನೇ. ಆದರೆ ಆ ಆಟದ ಅಂಕಪಟ್ಟಿಯಲ್ಲಿ ಉಪಚಾರಕ್ಕೂ ನೆರವಿಗೂ ಅಂಕವುಂಟು. ಪಟ್ಟಿಯ ತಲೆಯಲ್ಲಿದ್ದುದು ತಮ್ಮನ ಹೆಸರು.

ಆರಿಸಿಕೊಳ್ಳುವ ಸಾಮರ್ಥ್ಯಗಳು ಶೂಟರ್ ಆಟದಲ್ಲಿ ತಂದ ಮುಖ್ಯವಾದ ಬದಲಾವಣೆಯು ಇದೇ. ಯೋಗ್ಯತೆಯನ್ನು ಅಳೆಯುವ ಕೊಳಗವು ಒಂದಿದ್ದುದು ಹಲವಾಯಿತು. ಕೋವಿಯಿಂದ ದೂರವಾದ ಬುದ್ಧಿಗೂ ರಂಗದಲ್ಲಿ ತಾವು ದೊರೆಯಿತು. ಕುರುಕ್ಷೇತ್ರದಲ್ಲಿ ಆಯುಧ ಹಿಡಿಯೆನೆಂದವನು ಸಾರಥಿಯಾಗಿ ಕುಳಿತ ಕಥೆಯನ್ನು ಬಲ್ಲ ಜನರಿಗೆ ಇದು ಹೊಸ ಮಾತಲ್ಲ. ಜೊತೆಗೆ ಎದುರಾಳಿಯನ್ನು ನೋಡುವ ಬಗೆಯೂ ಬದಲಾಯಿತು. ಹಿಂದೆ 'ಅವನು ಎಲ್ಲಿದ್ದಾನೆ?' ಎಂಬುದೊಂದೇ ಪ್ರಶ್ನೆ. ಈಗ 'ಅವನು ಯಾರು, ಅವನಿಂದ ಏನು ಸಾಧ್ಯ?' ಎಂಬುದೂ ಪ್ರಶ್ನೆ. ಟೀಮ್ ಫೋರ್ಟ್ರೆಸ್ ೨ನ್ನು ರಚಿಸಿದವರು ಇದಕ್ಕಾಗಿಯೇ ಒಂಬತ್ತು ಪಾತ್ರಗಳ ಮೈಕಟ್ಟನ್ನು, ನೆರಳನ್ನು ನೋಡಿದರೂ ಗುರುತು ಹತ್ತುವಂತೆ, ಒಂದಕ್ಕೊಂದು ಬೇರೆಯಾಗಿ ಕೆತ್ತಿದರು. ಬಣ್ಣದ ವೇಷ ಯಾವುದು, ಸ್ತ್ರೀವೇಷ ಯಾವುದು ಎಂಬುದು ಪರದೆಯ ಅಂಚಿನಲ್ಲಿಯೇ ಪ್ರೇಕ್ಷಕನಿಗೆ ತಿಳಿಯುವ ಹಾಗೆ.

ಹೀಗೆಂದ ಮಾತ್ರಕ್ಕೆ ಅಣ್ಣನ ಹಳೆಯ ಪಕ್ಷದಲ್ಲಿ ಹುರುಳಿಲ್ಲವೆಂದು ತಿಳಿಯಕೂಡದು. ಆ ತಿಂಗಳುಗಳಲ್ಲಿ ಪ್ರತಿರಾತ್ರಿಯೂ ಆಟ ಮುಗಿದ ಮೇಲೆ ಇಬ್ಬರೂ ಇದನ್ನೇ ಕುರಿತು ವಾದಿಸುತ್ತಿದ್ದರು; ತಂದೆಗೆ ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ಕೊಡಬೇಕೆಂಬುದರ ಹೊರತು ಅವರಿಗೆ ದೀರ್ಘವಾಗಿ ಮಾತನಾಡಲು ಹಿಂದೆ ವಿಷಯವೇ ಇರಲಿಲ್ಲ. ಅಣ್ಣನು ಕಾಲ್ ಆಫ್ ಡ್ಯೂಟಿ ೪ರ ಉದಾಹರಣೆಯನ್ನು ಕೊಡುವನು. ೨೦೦೭ರಲ್ಲಿ ಬಂದ ಆ ಆಟದಲ್ಲಿ ಪರ್ಕ್ ಎಂಬ ಮೂರು ವಿಶೇಷಗಳನ್ನು ಆಟಗಾರನು ತನ್ನಿಷ್ಟದಂತೆ ಆರಿಸಿಕೊಳ್ಳಬಹುದು. ಅವುಗಳಲ್ಲೊಂದನ್ನು ಆರಿಸಿದವನು ಸಾಯುವಾಗ ಒಂದು ಜೀವಂತ ಕೈಬಾಂಬನ್ನು ಕೆಡವಿ ಸಾಯುವನು. ಕೊಂದವನು ಗೆದ್ದೆನೆಂದು ಮುಂದಡಿಯಿಟ್ಟರೆ ಅವನೂ ಸಾಯುವನು. ಮೇಲಾಗಿ ಈ ವಿಶೇಷಗಳು ಹೊಸಬನಿಗೆ ಒಮ್ಮೆಗೇ ದೊರೆಯವು. ಆಡಿ ಆಡಿ ಮೆಟ್ಟಿಲೇರಿದವನಿಗೆ ಒಂದೊಂದಾಗಿ ತೆರೆಯುವುವು. ಸತ್ತು ಬೀಳದೆ ಮೂವರನ್ನು ಕೊಂದವನಿಗೆ ಶತ್ರುಗಳ ತಾವನ್ನು ತೋರುವ ವಿಮಾನ, ಐವರಿಗೆ ಬಾಂಬಿನ ಮಳೆ, ಏಳಕ್ಕೆ ಹೆಲಿಕಾಪ್ಟರು. "ಉಳ್ಳವನಿಗೇ ಮತ್ತಷ್ಟು ಕೊಡುವುದು ಇದು, ಇದನ್ನು ನ್ಯಾಯವೆನ್ನುತ್ತೀಯಾ?" ಎಂದು ಅಣ್ಣನು ಕೇಳಿದರೆ, ತಮ್ಮನು, "ಇಲ್ಲ. ಅದು ಪಾತ್ರವಲ್ಲ, ಬಹುಮಾನ" ಎಂದು ಒಪ್ಪಿಕೊಳ್ಳುವನು.

ಅಣ್ಣನ ಇನ್ನೊಂದು ಆಕ್ಷೇಪಣೆಯು ಇದಕ್ಕಿಂತ ಆಳವಾದುದು. ಪಾತ್ರಗಳು ಹೆಚ್ಚಿದಂತೆ ಆಟವನ್ನು ಆಡುವ ಮುಂಚೆ ಓದಬೇಕಾಗುತ್ತದೆ. ಬ್ಲಿಜರ್ಡ್ ಕಂಪೆನಿಯು ೨೦೧೬ರ ಮೇ ತಿಂಗಳಿನಲ್ಲಿ ಓವರ್‌ವಾಚ್ ಎಂಬ ಆಟವನ್ನು ಹೊರಡಿಸಿದಾಗ ಅದರಲ್ಲಿ ೨೧ ವೀರರಿದ್ದರು. ಒಬ್ಬೊಬ್ಬರಿಗೂ ಕೆಲಕೆಲವು ಸಾಮರ್ಥ್ಯಗಳು. ಹೊಸಬನು ತಾನು ಏತರಿಂದ ಸತ್ತೆನೆಂದೇ ತಿಳಿಯದೆ ಸಾಯುವನು. ಕೌಂಟರ್-ಸ್ಟ್ರೈಕಿನಲ್ಲಿ ಸತ್ತವನಿಗೆ ಕಾರಣವು ಕನ್ನಡಿಯಷ್ಟು ಸ್ಪಷ್ಟ. ತಪ್ಪು ತಿಳಿದಲ್ಲದೆ ತಿದ್ದುವುದೆಂತು? ಈ ಮಾತಿಗೆ ತಮ್ಮನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಯಾವ ಸಾಮರ್ಥ್ಯವನ್ನೂ ಕೊಡದ ಕೌಂಟರ್-ಸ್ಟ್ರೈಕ್ ಆಟವು ಅಳಿಯದೆ ಉಳಿದುಕೊಂಡು, ೨೦೨೩ರಲ್ಲಿ ಕೌಂಟರ್-ಸ್ಟ್ರೈಕ್ ೨ ಎಂಬ ಹೊಸ ಅವತಾರವನ್ನೂ ತಾಳಿತು. ಹಳೆಯ ಧರ್ಮದಲ್ಲಿಯೂ ಸತ್ತ್ವವುಂಟೆಂಬುದಕ್ಕೆ ಇದೇ ಸಾಕ್ಷಿ.

ಓವರ್‌ವಾಚಿನ ಚರಿತ್ರೆಯಲ್ಲಿ ಇನ್ನೊಂದು ಪಾಠವಿದೆ. ಆರಂಭದಲ್ಲಿ ಆರು ಜನರ ಪಕ್ಷದಲ್ಲಿ ಯಾರು ಯಾವ ಪಾತ್ರವನ್ನಾದರೂ ತೆಗೆದುಕೊಳ್ಳಬಹುದಾಗಿದ್ದಿತು. ಫಲವೇನಾಯಿತೆಂದರೆ, ಎಲ್ಲರಿಗೂ ಕೊಲ್ಲುವ ಪಾತ್ರವೇ ಬೇಕು. ಕಾಪಾಡುವ ಪಾತ್ರವು ಯಾರಿಗೂ ಬೇಡ. ಸೋತರೆ ಮಾತ್ರ ಎಲ್ಲರ ಬೆರಳೂ ವೈದ್ಯನ ಕಡೆಗೆ. ಇನ್ನೊಂದು ಕಡೆ ೨೦೧೮-೧೯ರಲ್ಲಿ ನಿಪುಣರಾದ ತಂಡಗಳು ಕೊಲ್ಲುವವರನ್ನು ಒಟ್ಟಿಗೇ ಬಿಟ್ಟು, ಮೂವರು ಪೆಟ್ಟು ತಾಳುವವರನ್ನೂ ಮೂವರು ಉಪಚರಿಸುವವರನ್ನೂ ಕೂಡಿಸಿ ಕೋಟೆಯಂತೆ ಒಟ್ಟಾಗಿ ನಡೆಯತೊಡಗಿದುವು. ಅವನ್ನು ಒಡೆಯುವ ಬಗೆಯನ್ನು ಕಾಣದೆ ಎದುರಾಳಿಗಳೂ ಅದೇ ದಾರಿಯನ್ನು ಹಿಡಿದರು. ಕೊನೆಗೆ ೨೦೧೯ರಲ್ಲಿ ರಚನಕಾರರು, ತಾಳುವವರಿಬ್ಬರು, ಕೊಲ್ಲುವವರಿಬ್ಬರು, ಉಪಚರಿಸುವವರಿಬ್ಬರು ಎಂದು ಸಂಖ್ಯೆಯನ್ನು ಕಟ್ಟಿದರು. ೨೦೨೨ರಲ್ಲಿ ಬಂದ ಎರಡನೆಯ ಓವರ್‌ವಾಚಿನಲ್ಲಿ ಪಕ್ಷವನ್ನೇ ಐದು ಜನಕ್ಕಿಳಿಸಿ ತಾಳುವವನನ್ನು ಒಬ್ಬನನ್ನಾಗಿ ಮಾಡಿದರು. ಆಯ್ಕೆಯನ್ನು ತೆರೆದುಬಿಟ್ಟವರೇ ಅದಕ್ಕೆ ಬೇಲಿಯನ್ನೂ ಹಾಕಬೇಕಾಯಿತು.

ಅದೇ ೨೦೨೦ರ ಜೂನ್ ತಿಂಗಳಿನಲ್ಲಿ ರಾಯಟ್ ಕಂಪೆನಿಯು ವ್ಯಾಲರಂಟ್ ಎಂಬ ಆಟವನ್ನು ಹೊರಡಿಸಿತು. ಇದು ಎರಡು ಧರ್ಮಗಳ ನಡುವಣ ಒಪ್ಪಂದವೆನ್ನಬಹುದು. ಐವರು ಐವರ ಎರಡು ಪಕ್ಷ. ಕೌಂಟರ್-ಸ್ಟ್ರೈಕಿನಂತೆಯೇ ಹಣ, ಕೋವಿ, ಬಾಂಬು. ಸತ್ತವನು ಸುತ್ತು ಮುಗಿಯುವವರೆಗೆ ಕಾಯಬೇಕು. ಆದರೆ ಮೊದಲಿಗಿದ್ದ ೧೧ ಪಾತ್ರಗಳಲ್ಲಿ ಒಬ್ಬೊಬ್ಬರಿಗೂ ಹೊಗೆಯನ್ನೋ ಗೋಡೆಯನ್ನೋ ಕಣ್ಣು ಕುಕ್ಕುವ ಬೆಳಕನ್ನೋ ಎಬ್ಬಿಸುವ ಸಾಮರ್ಥ್ಯಗಳುಂಟು. ಅವನ್ನು ಬಹುಮಟ್ಟಿಗೆ ಹಣ ಕೊಟ್ಟೇ ಕೊಳ್ಳಬೇಕು. ಕೊಲ್ಲುವುದು ಕೋವಿಯ ಕೆಲಸ, ದಾರಿ ಮಾಡಿಕೊಡುವುದು ಸಾಮರ್ಥ್ಯದ ಕೆಲಸ ಎಂಬುದು ಅದರ ತತ್ತ್ವ. ಸೇಜ್ ಎಂಬವಳು ಗಾಯ ಮಾಯಿಸುವಳು, ಮಂಜಿನ ಗೋಡೆ ಕಟ್ಟುವಳು, ಕೊನೆಗೆ ಸತ್ತವನೊಬ್ಬನನ್ನು ಎಬ್ಬಿಸಲೂ ಬಲ್ಲಳು. ೨೦೨೨ರಲ್ಲಿ ನೀರನ್ನು ಆಳುವ ಹಾರ್ಬರ್ ಎಂಬ ಭಾರತದ ಪಾತ್ರವೂ ಇದಕ್ಕೆ ಸೇರಿತು. ಅಣ್ಣನಿಗೆ ಈ ಆಟವು ಹಿಡಿಸಿತು. ಹುಡುಗಿಗಂತೂ ಬಹಳ ಹಿಡಿಸಿತು.

ಆದರೆ ಒಂದು ದಿನ ಹುಡುಗಿಯು ಮುಖ ಸಣ್ಣದು ಮಾಡಿಕೊಂಡು ಚಿಕ್ಕ ಮಾವನಿಗೆ ದೂರು ಹೇಳಿದಳು. ಅಪರಿಚಿತರೊಂದಿಗೆ ಆಡುವಾಗ ತನ್ನ ಸ್ವರವನ್ನು ಕೇಳಿದ ಕೂಡಲೆ, "ಹುಡುಗಿಯೆ? ಹಾಗಾದರೆ ಸೇಜ್ ತೆಗೆದುಕೋ" ಎನ್ನುತ್ತಾರೆ; ತನಗೆ ಬೇಕಾದುದು ಗಾಳಿಯಂತೆ ನುಗ್ಗುವ ಜೆಟ್ಟಳ ಪಾತ್ರ; ಅದನ್ನು ತೆಗೆದುಕೊಂಡರೆ ಮೊದಲನೆಯ ಸಾವಿಗೇ ಬೈಗಳು. "ಆಟ ಬಿಟ್ಟುಬಿಡುತ್ತೇನೆ, ಮಾವ" ಎಂದಳು. ವೈದ್ಯನ ಪಾತ್ರವನ್ನು ಹನ್ನೆರಡು ವರ್ಷ ಪ್ರೀತಿಯಿಂದ ಆಡಿದವನು ಆ ಪಾತ್ರದ ಹಿರಿಮೆಯನ್ನು ಅವಳಿಗೆ ಬೋಧಿಸುವನೆಂದು ಅಣ್ಣನು ಎಣಿಸಿದನು. ತಮ್ಮನು ಹಾಗೆ ಮಾಡಲಿಲ್ಲ. "ಬಿಡಬೇಡ. ಜೆಟ್ಟನ್ನೇ ತೆಗೆದುಕೋ. ನಾನು ಆರಿಸಿಕೊಂಡ ಕೆಲಸ ಬೇರೆ, ನಿನ್ನ ತಲೆಗೆ ಕಟ್ಟಿದ ಕೆಲಸ ಬೇರೆ. ಸೇಜ್ ಆಡಬೇಕಾದವರು ನಿನ್ನ ಪಕ್ಷದಲ್ಲಿ ಬೇಕಾದರೆ ನನ್ನನ್ನು ಕರೆ" ಎಂದನು.

ಪಾತ್ರಭೇದವನ್ನು ಹೊಗಳುವವರೆಲ್ಲರೂ ಈ ಮಾತನ್ನು ನೆನಪಿನಲ್ಲಿಡಬೇಕು. ಹುಟ್ಟಿನಿಂದಲೋ ಸ್ವರದಿಂದಲೋ ಒಬ್ಬರಿಗೆ ಒಂದು ಕೆಲಸವನ್ನು ಗೊತ್ತುಮಾಡಿ, 'ಎಲ್ಲ ಕೆಲಸವೂ ದೊಡ್ಡದೇ' ಎಂದು ಉಪಚಾರದ ಮಾತು ಹೇಳುವುದು ನಮ್ಮ ನಾಡಿಗೆ ಹೊಸದಲ್ಲ. ಆಟದ ಪಾತ್ರವು ಅದರಿಂದ ಬೇರೆಯಾಗುವುದು 'ಆರಿಸಿಕೊಂಡದ್ದು' ಎಂಬ ಒಂದೇ ಶಬ್ದದಿಂದ. ಆ ಶಬ್ದವನ್ನು ತೆಗೆದುಹಾಕಿದರೆ ಕೌಂಟರ್-ಸ್ಟ್ರೈಕಿನ ಒರಟು ಸಮಾನತೆಯೇ ಅದಕ್ಕಿಂತ ಮೇಲು. ಅಲ್ಲಿ ಕುರ್ಚಿ ಖಾಲಿಯಾದರೂ ಆಗಬಹುದು, ಆದರೆ ಇಂಥವರು ಇಂಥ ಕುರ್ಚಿಯಲ್ಲಿಯೇ ಕೂಡಬೇಕೆಂಬ ಕಟ್ಟಿಲ್ಲ.

೨೦೨೩ರ ದೀಪಾವಳಿಗೆ ಎಲ್ಲರೂ ಊರಿನಲ್ಲಿ ಸೇರಿದರು. ನೀರು ತುಂಬುವ ಹಬ್ಬದ ಸಂಜೆ ಅಣ್ಣತಮ್ಮಂದಿರಿಬ್ಬರೂ ಹೂವು ತರಲು ಪೇಟೆಗೆ ಹೋದರು. ಹೊಲಿಗೆಯಂಗಡಿಯು ಹಾಗೆಯೇ ಇದ್ದಿತು. ಮಾಳಿಗೆಯಲ್ಲಿ ಮೊಬೈಲ್ ದುರಸ್ತಿಯ ಅಂಗಡಿ ಬಂದಿದ್ದಿತು. ಅಣ್ಣನು ಮೆಟ್ಟಿಲ ಬಳಿ ನಿಂತನು. ಬಹಳ ಹೊತ್ತು ಮಾತನ್ನು ಹುಡುಕಿ, "ಆ ದಿನ ನಾನು ಅಂದ ಮಾತು..." ಎಂದು ತೊಡಗಿದನು. ತಮ್ಮನು, "ಕುರ್ಚಿಯದೇ?" ಎಂದು ಕೇಳಿದನು. ಇಪ್ಪತ್ತೊಂದು ವರ್ಷಗಳ ಮೇಲೆ ಯಾವ ಮಾತೆಂದು ಅವನಿಗೆ ಯೋಚಿಸಬೇಕಾಗಿರಲಿಲ್ಲ. "ನೀನು ಹೇಳಿದುದು ಲೆಕ್ಕಕ್ಕೆ ಸರಿಯಾಗಿಯೇ ಇದ್ದಿತು, ಅಣ್ಣ. ಆ ಆಟದಲ್ಲಿ ನನಗೆ ಕುರ್ಚಿಯಿರಲಿಲ್ಲ. ಆದರೆ ಮನೆಗೆ ಬರುವಾಗ ನೀನು ನನ್ನ ಜೊತೆಯಲ್ಲಿ ಬರಬಹುದಾಗಿತ್ತು" ಎಂದನು. ಅಣ್ಣನು ಏನೂ ಹೇಳಲಿಲ್ಲ. 'ಹೌದು' ಎಂಬಂತೆ ತಲೆಯಾಡಿಸಿದನು. ಹೂವಿನ ಬುಟ್ಟಿಯನ್ನು ತಮ್ಮನ ಕೈಯಿಂದ ತಾನು ತೆಗೆದುಕೊಂಡನು. ಇಬ್ಬರೂ ಜೊತೆಯಾಗಿ ಮನೆಗೆ ನಡೆದರು.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಮೂರು ಲ್ಯಾಪ್‌ಟಾಪುಗಳನ್ನಿಟ್ಟುಕೊಂಡು ಗಾಡಿಯ ಆಟಕ್ಕೆ ಕುಳಿತರು. ಹುಡುಗಿಗೆ ಆಗ ಹದಿನಾರು. ಯಾರೂ ಹೇಳದೆ, "ಇವತ್ತು ಮೆಡಿಕ್ ನಾನು" ಎಂದಳು. ತಮ್ಮನು ನಕ್ಕು, ತನಗೆ ಎಂದೂ ಒಗ್ಗದ ಸ್ಕೌಟನ ಪಾತ್ರವನ್ನು ತೆಗೆದುಕೊಂಡು ಚಿಕ್ಕ ಹುಡುಗನಂತೆ ಒಬ್ಬನೇ ಮುಂದೆ ಓಡಿದನು. ಮೊದಲನೆಯ ತಿರುವಿನಲ್ಲಿಯೇ ಸತ್ತನು. ಹುಡುಗಿಯು, "ದೊಡ್ಡ ಮಾವ, ಗಾಡಿ ನೂಕಿ, ಹೋಗೋಣ" ಎಂದು ಅವಸರಪಡಿಸಿದಳು. ಅಣ್ಣನು ಗೋಡೆಯ ಈಚೆಗೆ ಸರಿದು ನಿಂತು, "ತಾಳು, ಅವನು ಬರಲಿ" ಎಂದನು.